ಕಳ್ಳಿ ಬೇಲಿಯೊಳಗಿನ ಬೂದಿ ಕೋಳಿ

ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಹಿಂದೆ ಕೂತು ಆಮೇಲೆ ಕೇಳಿಸಲಿಲ್ಲ ಅಂತ ನನ್ನ ಮೇಲೆ ದೂರಬೇಡಿ. ಒಂದು ಸಲ ಶುರು ಮಾಡಿದರೆ ನಾನು ಹಿಂದಕ್ಕೆ ಹೋಗುವವನಲ್ಲ.

ಒಂದು ರಾಜ್ಯವಿತ್ತು. ದೊಡ್ಡ ರಾಜ್ಯವೇನಲ್ಲ. ಅರಮನೆಯ ಹುಂಜ ಕೂಗಿದರೆ ಗಡಿಯ ಊರಿನ ಹುಂಜ ಅದಕ್ಕೆ ಉತ್ತರ ಕೊಡುವಷ್ಟು ಚಿಕ್ಕದು. ಅದಕ್ಕೊಬ್ಬ ರಾಜ, ಒಬ್ಬಳು ರಾಣಿ. ರಾಜ ಗಡಿಯ ಜಗಳ ನೋಡುತ್ತಿದ್ದ, ರಾಣಿ ಹಿತ್ತಲ ಜಗಳ ನೋಡುತ್ತಿದ್ದಳು. ಗಡಿಯ ಜಗಳ ವರ್ಷಕ್ಕೊಂದು ಬಂದರೆ ಹೆಚ್ಚು. ಹಿತ್ತಲ ಜಗಳ ದಿನಾ ಬೆಳಗಾದರೆ ಹುಟ್ಟುತ್ತದೆ. ಹಾಗಾಗಿ ರಾಜನಿಗೆ ಊಟವಾದ ಮೇಲೆ ಒಂದು ನಿದ್ದೆ ತೆಗೆಯುವಷ್ಟು ಪುರುಸೊತ್ತಿತ್ತು, ರಾಣಿಗೆ ಇರಲಿಲ್ಲ. ಯುಗಾದಿ ಕಳೆದ ಮೇಲೆ ಅವಳು ಊರೂರಿಗೆ ಬಂದು ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದಳು. ಅರಮನೆಯ ಹಿತ್ತಲಲ್ಲಿ ತಾನೇ ಕೋಳಿ ಸಾಕಿದ್ದಳು ಅಂತಲೂ ಜನ ಹೇಳುತ್ತಾರೆ. ಅವಳ ಬಲಗೈ ಮೇಲೆ ಕೊಕ್ಕಿನ ಗುರುತು ಇತ್ತಂತೆ.

ಆ ರಾಜ್ಯದ ಅಂಚಿನಲ್ಲಿ ಕಳ್ಳಿಕೊಪ್ಪಲು ಅಂತ ಒಂದು ಊರು. ಊರ ಸುತ್ತ ಆಳೆತ್ತರದ ಕಳ್ಳಿ ಬೇಲಿ. ಆ ಬೇಲಿಯ ಪಕ್ಕದಲ್ಲೇ ಮೇದರ ಕರಿಯಣ್ಣನ ಮನೆ. ಕರಿಯಣ್ಣ ಬಿದಿರು ಸೀಳಿ ಬುಟ್ಟಿ, ಮೊರ, ಮಂಕರಿ ಹೆಣೆಯುತ್ತಿದ್ದ. ಅವನ ಹೆಂಡತಿ ನಂಜಕ್ಕ ಕೋಳಿ ಸಾಕುತ್ತಿದ್ದಳು.

ಕೋಳಿ ಸಾಕುವ ಸುಖ ಏನು ಅಂತ ನಂಜಕ್ಕನನ್ನು ಕೇಳಬೇಕು. ಬೆಳಿಗ್ಗೆ ಗೂಡಿನ ಹಲಗೆ ಸರಿಸಿದರೆ ಸಾಕು, ಒಂದನ್ನೊಂದು ನೂಕಿಕೊಂಡು ಈಚೆಗೆ ಬರುತ್ತಿದ್ದವು. ಒಂದು ರೆಕ್ಕೆ ಬಡಿಯುವುದು, ಒಂದು ಕಾಲು ಚಾಚುವುದು, ಒಂದು ನೇರವಾಗಿ ತಿಪ್ಪೆಗೆ ಓಡುವುದು. ಬಾ ಬಾ ಬಾ ಅಂತ ನಂಜಕ್ಕ ಕರೆದರೆ ಎಲ್ಲಿದ್ದವೋ ಅಲ್ಲಿಂದ ಹಾರಿ ಬಂದು ಅವಳ ಸುತ್ತ ಸುತ್ತುತ್ತಿದ್ದವು. ಮೊಟ್ಟೆಯಿಟ್ಟ ಕೋಳಿ ಊರಿಗೆಲ್ಲ ಸಾರಿಕೊಂಡು ಬರುತ್ತಿತ್ತು. ಆ ಬಿಸಿ ಮೊಟ್ಟೆಯನ್ನು ನಂಜಕ್ಕ ಕೆನ್ನೆಗೆ ಒತ್ತಿಕೊಂಡು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಅಂಥ ಸುಖ ಅರಮನೆಯಲ್ಲೂ ಇಲ್ಲ ಅನ್ನುತ್ತಿದ್ದಳು.

ಚಿಂತೆಯೂ ಅಷ್ಟೇ ಇತ್ತು. ಮೇಲೆ ನೋಡಿದರೆ ಹದ್ದು, ಕೆಳಗೆ ನೋಡಿದರೆ ಮುಂಗುಸಿ, ಪಕ್ಕಕ್ಕೆ ನೋಡಿದರೆ ಪಕ್ಕದ ಮನೆಯವಳು. ಅವಳ ಕೊತ್ತಂಬರಿ ಪಾತಿಯನ್ನು ಕೋಳಿ ಕೆದಕಿದ ದಿನ ಹದ್ದೇ ವಾಸಿ ಅನ್ನಿಸುವಷ್ಟು ಬೈಗುಳ ಬೀಳುತ್ತಿತ್ತು. ಒಂದು ಕೋಳಿ ಮಂಕಾಗಿ ರೆಕ್ಕೆ ಇಳಿಬಿಟ್ಟು ನಿಂತರೆ ನಂಜಕ್ಕನಿಗೆ ಆವತ್ತು ಮುದ್ದೆ ಇಳಿಯುತ್ತಿರಲಿಲ್ಲ.

ಇಷ್ಟು ಪ್ರೀತಿ, ಇಷ್ಟು ಪಾಡು. ಆದರೆ ಆ ಕೋಳಿಗಳಲ್ಲಿ ಒಂದೂ ಅವಳದ್ದಲ್ಲ. ಎಲ್ಲ ಪಟೇಲ ಕೆಂಚಪ್ಪನವು.

ಆ ಊರಲ್ಲಿ ಕೋಳಿಯನ್ನು ಪಾಲಿಗೆ ಕೊಡುವ ಪದ್ಧತಿ. ಕೋಳಿ ಇದ್ದವನು ಇಲ್ಲದವಳಿಗೆ ಕೊಡುತ್ತಾನೆ. ಅವಳು ಕಾಳು ಹಾಕಿ ಸಾಕುತ್ತಾಳೆ, ಕಾವಿಗೆ ಕೂರಿಸುತ್ತಾಳೆ, ಮರಿ ಎಬ್ಬಿಸುತ್ತಾಳೆ. ಮರಿ ದೊಡ್ಡವಾದ ಮೇಲೆ ಅರ್ಧ ಅವನಿಗೆ, ಅರ್ಧ ಅವಳಿಗೆ. ತಾಯಿ ಕೋಳಿ ಮಾತ್ರ ಯಾವತ್ತೂ ಅವನದೇ. ಕೇಳಿದರೆ ನ್ಯಾಯವಾಗೇ ಇದೆ. ಆದರೆ ಕೆಂಚಪ್ಪನ ಕೈಗೆ ಸಿಕ್ಕರೆ ನ್ಯಾಯವೂ ಸೊಟ್ಟಗಾಗುತ್ತಿತ್ತು.

ಮೊದಲನೇ ಸಲ ನಂಜಕ್ಕ ಕೋಳಿಯನ್ನು ಕಾವಿಗೆ ಕೂರಿಸಿದಳು. ಮಂಕರಿಗೆ ಹುಲ್ಲು ಹಾಸಿ, ಮೊಟ್ಟೆಗೆಲ್ಲ ಇದ್ದಿಲಲ್ಲಿ ಗೆರೆ ಎಳೆದು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಹುಲ್ಲಿನಡಿ ಒಂದು ಚೂರು ಕಬ್ಬಿಣ ಇಟ್ಟಳು. ಮರಿ ಎದ್ದವು. ಸಗಣಿ ತುಂಬಿದ ಮಡಕೆಯನ್ನು ಹೊಲದಲ್ಲಿ ಕವುಚಿ, ಅದಕ್ಕೆ ಹತ್ತಿದ ಗೆದ್ದಲನ್ನು ದಿನಾ ತಂದು ಹಾಕಿದಳು. ಮರಿಗಳು ತಿಂದು ದುಂಡಗಾದವು. ಅಷ್ಟರಲ್ಲಿ ಹದ್ದು ಕಣ್ಣು ಹಾಕಿ, ಅರ್ಧದಷ್ಟು ಮರಿ ಎತ್ತಿಕೊಂಡು ಹೋಯಿತು. ಪಾಲು ಮಾಡುವ ದಿನ ಪಟೇಲ ಬಂದ. ಉಳಿದ ಮರಿಗಳನ್ನೆಲ್ಲ ತನ್ನ ಬುಟ್ಟಿಗೆ ತುಂಬಿಕೊಂಡ.

“ನನ್ನ ಅರ್ಧ, ಗೌಡ್ರೇ?” ಅಂದಳು ನಂಜಕ್ಕ.

“ನಿನ್ನ ಅರ್ಧ ಹದ್ದು ತಗೊಂಡೋಯ್ತಲ್ಲ ನಂಜಿ. ಹೋದದ್ದು ನಿನ್ನ ಪಾಲು, ಉಳಿದದ್ದು ನನ್ನ ಪಾಲು” ಅಂದ ಪಟೇಲ.

ಎರಡನೇ ಸಲ ಕಾಡುಬೆಕ್ಕು ಬಂತು. ಅರ್ಧ ಮರಿ ಹೋದವು. ಪಟೇಲ ಬುಟ್ಟಿ ಹಿಡಿದು ಬಂದ. ಹೋದದ್ದು ನಿನ್ನ ಪಾಲು, ಉಳಿದದ್ದು ನನ್ನ ಪಾಲು ಅಂದ.

ಮೂರನೇ ಸಲ ರೋಗ ಬಂತು. ನಂಜಕ್ಕ ಬೆಳ್ಳುಳ್ಳಿ ಅರೆದು ಕುಡಿಸಿದಳು, ಅರಿಶಿನ ತೇದು ಕುಡಿಸಿದಳು, ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಅರ್ಧ ಉಳಿದವು, ಅರ್ಧ ಹೋದವು. ಪಟೇಲ ಬುಟ್ಟಿ ಹಿಡಿದು ಬಂದ. ಅವನು ಏನಂದ ಅಂತ ಈಗ ನೀವೇ ಹೇಳಿ.

ಹೂಂ, ಅದೇ.

ನಂಜಕ್ಕ ಒಬ್ಬಳೇ ಅಲ್ಲ, ಊರ ಹೆಂಗಸರು ಎಷ್ಟೋ ಜನ ಅವನ ಕೋಳಿ ಪಾಲಿಗೆ ಸಾಕುತ್ತಿದ್ದರು. ಎಲ್ಲರಿಗೂ ಇದೇ ಮಾತು. ಊರಲ್ಲಿ ಬೇರೆ ಯಾರ ಹತ್ತಿರವೂ ಕೊಡುವಷ್ಟು ಕೋಳಿ ಇರಲಿಲ್ಲ. ಹಾಗಾಗಿ ಬೈದುಕೊಂಡೇ ಸಾಕುತ್ತಿದ್ದರು. ಸ್ವಂತದ್ದು ಅಂತ ಒಂದೇ ಒಂದು ಕೋಳಿ ಇದ್ದರೆ ಇವನ ಹಂಗಿಲ್ಲ ಅಂತ ನಂಜಕ್ಕ ಕರಿಯಣ್ಣನ ಮುಂದೆ ದಿನಾ ಹೇಳುತ್ತಿದ್ದಳು.

ಹೀಗಿರುವಾಗ ಅವಳು ತವರಿಗೆ ಹೋದಳು. ಬರುವಾಗ ಅವಳ ತಾಯಿ ಮಡಿಲಿಗೆ ಅಕ್ಕಿ, ಬೆಲ್ಲ ಹಾಕಿ, ಅದರ ಜೊತೆ ಒಂದು ಮರಿಯನ್ನೂ ಇಟ್ಟಳು. ಮೈಮೇಲೆಲ್ಲ ಬಿಳಿ ಚುಕ್ಕೆ. ನಂಜಕ್ಕ ಅದಕ್ಕೆ ಚುಕ್ಕಿ ಅಂತ ಹೆಸರಿಟ್ಟಳು. ಚುಕ್ಕಿ ಬೆಳೆದು ಹ್ಯಾಟೆಯಾಯಿತು. ಹ್ಯಾಟೆ ಅಂದರೆ ಇನ್ನೂ ಮೊಟ್ಟೆಯಿಡದ ಎಳೇ ಹೆಣ್ಣುಕೋಳಿ. ಅದರ ಮುಖಕ್ಕೆ ಕೆಂಪೇರಿತು. ಇನ್ನೇನು ಮೊಟ್ಟೆಯಿಡುತ್ತದೆ ಅಂತ ನಂಜಕ್ಕನ ಮುಖಕ್ಕೂ ಕೆಂಪೇರಿತು.

ಪಟೇಲನೂ ಅದನ್ನು ನೋಡಿದ. ಇವಳಿಗೆ ಸ್ವಂತ ಕೋಳಿ ಆದರೆ ನನ್ನ ಕೋಳಿಗೆ ಬಿಟ್ಟಿ ಕಾಳು ಹಾಕುವವರು ಯಾರು? ಇವಳನ್ನು ನೋಡಿ ಉಳಿದವರೂ ಕಲಿತರೆ? ಪಟೇಲನಿಗೆ ಹೊಟ್ಟೆ ಉರಿಯಿತು. ಚುಕ್ಕಿಯನ್ನು ಹೇಗೆ ಕಿತ್ತುಕೊಳ್ಳುವುದು ಅಂತ ಕಾಯುತ್ತಾ ಕೂತ.

ಆಗ ಬೂದಿ ಕಾಣೆಯಾಯಿತು.

ಬೂದಿ ಪಟೇಲನ ಕೋಳಿ, ನಂಜಕ್ಕ ಪಾಲಿಗೆ ಸಾಕುತ್ತಿದ್ದಳು. ಬೂದಿ ಬಣ್ಣ, ಭಾರಿ ಜಂಭ, ಯಾರ ಮಾತೂ ಕೇಳದ ಕೋಳಿ. ಎಷ್ಟೋ ದಿನದಿಂದ ಕೊಕ್ಕೊಕ್ಕೋ ಅಂತ ಸಾರುತ್ತಿತ್ತು, ಬುಟ್ಟಿ ನೋಡಿದರೆ ಮೊಟ್ಟೆ ಇರುತ್ತಿರಲಿಲ್ಲ. ಒಂದು ಸಂಜೆ ಗೂಡಿಗೇ ಬರಲಿಲ್ಲ. ಮಾರನೇ ದಿನವೂ ಇಲ್ಲ. ನಂಜಕ್ಕ ತಿಪ್ಪೆ ಹುಡುಕಿದಳು, ಬಣವೆ ಹುಡುಕಿದಳು, ಬಾವಿ ಇಣುಕಿದಳು. ಒಂದು ಪುಕ್ಕ ಬಿದ್ದಿಲ್ಲ, ಒಂದು ಹನಿ ರಕ್ತ ಇಲ್ಲ. ಮೂರನೇ ದಿನ ಮಧ್ಯಾಹ್ನ ನೋಡುತ್ತಾಳೆ, ಕಳ್ಳಿ ಬೇಲಿಯ ಕಡೆಯಿಂದ ಬೂದಿ ಮೈಯೆಲ್ಲ ಉಬ್ಬಿಸಿಕೊಂಡು ಗೊರಗೊರ ಅನ್ನುತ್ತಾ ಓಡಿ ಬಂತು. ಗಬಗಬ ನುಚ್ಚು ತಿಂದಿತು, ನೀರು ಕುಡಿಯಿತು, ಬಂದ ದಾರಿಯಲ್ಲೇ ಓಡಿ ಬೇಲಿಯೊಳಗೆ ನುಗ್ಗಿ ಮಾಯವಾಯಿತು.

ಕೋಳಿ ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕದ್ದು ಮೊಟ್ಟೆಯಿಟ್ಟು ಕದ್ದು ಕಾವಿಗೆ ಕೂತಿದೆ. ನಂಜಕ್ಕನಿಗೆ ನಗು ಬಂತು. ಮುಳ್ಳು ಕಳ್ಳಿಯೊಳಗೆ ಬೆಕ್ಕು ಹೋಗಲ್ಲ, ಮುಂಗುಸಿ ಹೋಗಲ್ಲ, ಪಟೇಲನ ಕೈಯಂತೂ ಹೋಗುವುದೇ ಇಲ್ಲ.

ಕರಿಯಣ್ಣ ಹೆದರುವ ಆಸಾಮಿ. ಸುಮ್ಮನಿದ್ದುಬಿಡು, ಮರಿ ಎದ್ದ ಮೇಲೆ ನೋಡೋಣ ಅಂದ. ನಂಜಕ್ಕ ಒಪ್ಪಲಿಲ್ಲ. ಕೋಳಿ ಪಟೇಲನದು, ಅವನಿಗೆ ಹೇಳುವುದು ನನ್ನ ಕೆಲಸ, ಮುಚ್ಚಿಟ್ಟರೆ ಅವನಿಗೂ ನನಗೂ ಏನು ವ್ಯತ್ಯಾಸ ಅಂದಳು. ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಮೊದಲು ಪಟೇಲನ ಮನೆಗೇ ಹೋದಳು. ಬೂದಿ ಗೂಡಿಗೆ ಬಂದಿಲ್ಲ ಅಂತ ಶುರು ಮಾಡುವಷ್ಟರಲ್ಲಿ ಪಟೇಲ ಮಾತು ಕಸಿದುಕೊಂಡ. ಬಂದಿಲ್ಲ ಅಂದರೆ ಹೋಯಿತು, ಹೋಯಿತು ಅಂದರೆ ನಿನ್ನ ಪಾಲಿಗೆ ಹೋಯಿತು, ಅದರ ಬದಲಿಗೆ ನಿನ್ನ ಚುಕ್ಕೆ ಹ್ಯಾಟೆ ಕೊಡು ಅಂದ. ಇಲ್ಲ, ಕಾವಿಗೆ ಕೂತಿದೆ ಅಂತ ಅವಳು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಎರಡನೇ ಸಲ ಬಾವಿಕಟ್ಟೆಯ ಹತ್ತಿರ ಸಿಕ್ಕ. ಅಲ್ಲೂ ಹೇಳಿದಳು. ಹೆಂಗಸರ ಮುಂದೆಯೇ ಅವನು ನಕ್ಕು, ಹ್ಯಾಟೆ ಉಳಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾಳೆ ಅಂದ. ನಂಜಕ್ಕನಿಗೆ ಸಿಟ್ಟು ಬಂತು. ಕೊಡ ಇಳಿಸಿ ಯೋಚನೆ ಮಾಡಿದಳು. ಹೇಳಿದ್ದನ್ನು ನಂಬುವುದಿಲ್ಲವಲ್ಲ, ಹಾಗಾದರೆ ಅವನ ಬಾಯಿಂದಲೇ ಹೇಳಿಸಬೇಕು ಅಂದುಕೊಂಡಳು.

ಮೂರನೇ ಸಲ ಅವಳೇ ಊರವರನ್ನು ಅರಳಿಕಟ್ಟೆಗೆ ಕರೆಸಿದಳು. ಪಟೇಲನೂ ಬಂದ. ಹ್ಯಾಟೆ ಹಾಕಿಕೊಳ್ಳಲು ಬುಟ್ಟಿಯನ್ನೂ ತಂದಿದ್ದ.

“ಗೌಡ್ರೇ, ಊರೋರ ಮುಂದೆ ಇನ್ನೊಂದ್ಸಲ ಹೇಳ್ತೀನಿ. ಬೂದಿ ಸತ್ತಿಲ್ಲ, ಕಾವಿಗೆ ಕೂತೈತೆ. ಮೂರು ವಾರ ತಡೀರಿ. ಬಂದ್ರೆ ಕೋಳಿ ನಿಮ್ದು, ಮರಿ ಇಬ್ರದೂ. ಬರ್ದಿದ್ರೆ ನನ್ನ ಚುಕ್ಕೀನ ತಗೊಂಡೋಗಿ, ಒಂದು ಮಾತಾಡಲ್ಲ.”

“ಎಲ್ಲಿ ಕೂತೈತೆ, ತೋರ್ಸು.”

“ತೋರ್ಸಲ್ಲ. ತೋರ್ಸಿದ್ರೆ ನೀವು ಎತ್ತಕ್ಕೆ ಹೋಗ್ತೀರ. ಕಾವು ಮುರಿದ್ರೆ ಮರಿ ಮೊಟ್ಟೇಲೇ ಸಾಯ್ತವೆ. ನಿಮ್ಗೂ ಇಲ್ಲ, ನಂಗೂ ಇಲ್ಲ.”

ಪಟೇಲ ಊರವರ ಕಡೆ ತಿರುಗಿ, ಇದ್ದರೆ ತಾನೇ ತೋರಿಸುವುದು ಅಂತ ಕಣ್ಣು ಹೊಡೆದ. ಮನಸ್ಸಿನಲ್ಲಿ ತೂಕ ಹಾಕಿದ. ಒಂದು ಕಡೆ ಇದೆಯೋ ಇಲ್ಲವೋ ಗೊತ್ತಿಲ್ಲದ ಹಳೇ ಕೋಳಿ. ಇನ್ನೊಂದು ಕಡೆ ಕಣ್ಣ ಮುಂದೆ ಕೆಂಪು ಮುಖದ ಹ್ಯಾಟೆ. ಅವನ ಕೈ ಆಗಲೇ ಬುಟ್ಟಿಯ ಮುಚ್ಚಳ ತೆಗೆದಿತ್ತು.

“ಹಂಗಾರೆ ಬೂದಿ ಹೋಯ್ತು ಅಂತ್ಲೇ ಹೇಳ್ತೀರಾ?” ಅಂದಳು ನಂಜಕ್ಕ.

“ಹೋಯ್ತು ಅಂತ್ಲೇ. ಹೋದದ್ದು ನಿನ್ನ ಪಾಲು.”

“ನಾಳೆ ಬಂದ್ರೆ?”

“ಬಂದ್ರೆ ನೀನೇ ಮಡಿಕ್ಕೋ. ಮರಿ ಹಾಕ್ಕೊಂಡು ಬಂದ್ರೆ ಅವನ್ನೂ ಮಡಿಕ್ಕೋ. ನಾನು ಆ ಕಡೆ ತಿರುಗೂ ನೋಡಲ್ಲ.”

ಊರವರೆಲ್ಲ ಕೇಳಿಸಿಕೊಂಡರು. ಕಟ್ಟೆಯ ಮೇಲಿದ್ದ ಮುದುಕರೂ ಹೂಂ ಅಂದರು. ನಂಜಕ್ಕ ಚುಕ್ಕಿಯನ್ನು ತಂದಳು. ಅದರ ಬೆನ್ನು ಸವರಿ, ತಾನೇ ಪಟೇಲನ ಬುಟ್ಟಿಗೆ ಬಿಟ್ಟಳು. ಅಲ್ಲಿ ಅಳಲಿಲ್ಲ. ಮನೆಗೆ ಬಂದು ಖಾಲಿ ಬುಟ್ಟಿ ನೋಡಿದ ಮೇಲೆ ಅತ್ತಳು. ತವರಿನ ಮಡಿಲಲ್ಲಿ ಬಂದ ಜೀವ ಅದು, ಅಳು ಬರದೇ ಇರುತ್ತದೆಯೇ? ಆಮೇಲೆ ಮುಖ ತೊಳೆದುಕೊಂಡು ಬೇಲಿಯ ಕಡೆ ಒಂದು ಹಿಡಿ ನುಚ್ಚು ಚೆಲ್ಲಿ ಬಂದಳು.

ಆಮೇಲಿನ ಮೂರು ವಾರ ಹೇಗೆ ಕಳೆದಳೋ ಅವಳಿಗೇ ಗೊತ್ತು. ಒಂದು ವಾರ ಗುಡುಗು ಬಂತು. ಉದ್ದನೆ ಬಿದಿರು ಗಳದ ತುದಿಗೆ ಮುರಿದ ಕುಡುಗೋಲು ಕಟ್ಟಿ ಬೇಲಿಯೊಳಗೆ ಬೂದಿಯ ಹತ್ತಿರಕ್ಕೆ ತಳ್ಳಿದಳು. ಒಂದು ವಾರ ಆಲಿಕಲ್ಲು ಬಿತ್ತು. ಕರಿಯಣ್ಣ ಹೆಣೆದ ಅಗಲ ಮೊರವನ್ನು ಅದೇ ಗಳದಲ್ಲಿ ಎತ್ತಿ ಕಳ್ಳಿಯ ಮೇಲೆ ಹೊದಿಸಿದಳು. ಕೊನೇ ವಾರ ಹದ್ದು ಬಂದು ಅಲ್ಲೇ ಸುತ್ತತೊಡಗಿತು. ತಗಡು ಬಡಿದುಕೊಂಡು ಹಗಲೆಲ್ಲ ಹಿತ್ತಲಲ್ಲೇ ನಿಂತಳು. ಹೆದರುವ ಕರಿಯಣ್ಣನೂ ಈಗ ಹೆದರಿಕೆ ಬಿಟ್ಟು ಅವಳ ಪಕ್ಕದಲ್ಲಿ ಇನ್ನೊಂದು ತಗಡು ಹಿಡಿದು ನಿಂತ.

ಇತ್ತ ಚುಕ್ಕಿ ಪಟೇಲನ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಗೋಡೆ ಹತ್ತಿ, ಸೂರು ದಾಟಿ ನಂಜಕ್ಕನ ಮನೆಗೇ ಬರುತ್ತಿತ್ತು. ತನ್ನ ಹಳೇ ಬುಟ್ಟಿಯಲ್ಲೇ ಮೊದಲ ಮೊಟ್ಟೆಯಿಟ್ಟಿತು. ನಂಜಕ್ಕ ಕೋಳಿಯನ್ನೂ ಮೊಟ್ಟೆಯನ್ನೂ ಪಟೇಲನ ಮನೆಗೆ ಮುಟ್ಟಿಸಿದಳು. ಮತ್ತೆ ಬಂತು, ಮತ್ತೆ ಮುಟ್ಟಿಸಿದಳು. ಮೂರನೇ ಸಲ ಪಟೇಲನ ಹೆಂಡತಿಗೇ ನಾಚಿಕೆಯಾಗಿ ತಲೆ ತಗ್ಗಿಸಿಕೊಂಡು ಈಸಿಕೊಂಡಳು. ಪಟೇಲ ಮಾತ್ರ ಮೊಟ್ಟೆ ಹುರಿಸಿಕೊಂಡು ತಿಂದು ಮೀಸೆ ಒರೆಸಿಕೊಂಡ.

ಮೂರು ವಾರ ತುಂಬಿತು. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಕಳ್ಳಿ ಬೇಲಿ ಅಲ್ಲಾಡಿತು. ಮೊದಲು ಬೂದಿಯ ಕೊಕ್ಕು, ಆಮೇಲೆ ಅದರ ಜಂಭ, ಅದರ ಹಿಂದೆ ಒಂದೊಂದಾಗಿ ಹನ್ನೊಂದು ಮರಿ. ಊರ ಬೀದಿಯ ನಡುವೆಯೇ ಅವನ್ನು ಕಟ್ಟಿಕೊಂಡು, ಗೊರ್ ಗೊರ್ ಅನ್ನುತ್ತಾ ನೇರ ನಂಜಕ್ಕನ ಹಿತ್ತಲಿಗೆ ಬಂತು. ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ನೋಡಿದರು. ಕೊತ್ತಂಬರಿ ಪಾತಿಯವಳು ಕೂಡ ಒಂದು ಹಿಡಿ ನುಚ್ಚು ತಂದು ಹಾಕಿದಳು ಅಂದರೆ ನೋಡಿ.

ಸುದ್ದಿ ಪಟೇಲನಿಗೆ ಮುಟ್ಟಿತು. ತಿರುಗಿಯೂ ನೋಡಲ್ಲ ಅಂದಿದ್ದವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿ ಬಂದ. ಕೋಳಿ ನನ್ನದು, ಬಣ್ಣ ನೋಡಿ, ಬಾಲ ನೋಡಿ, ಊರಿಗೇ ಗೊತ್ತು ಅಂದ. ಹಿಡಿಯಲು ಬಗ್ಗಿದ. ಮರಿ ಹಾಕಿದ ಕೋಳಿ, ಕೇಳಬೇಕೇ? ಬೂದಿ ಹಾರಿ ಅವನ ಕೈಗೆ ಕುಕ್ಕಿತು. ಪಟೇಲ ಕೈ ಹಿಡಿದುಕೊಂಡು ಹಿಂದಕ್ಕೆ ಬಂದ. ಯುಗಾದಿ ಕಳೆದಿದೆ, ನಾಳೆ ನ್ಯಾಯ ಹೇಳಲು ರಾಣಿ ಬರುತ್ತಾಳೆ, ಅವಳ ಮುಂದೆ ಕೇಳಿ ಅಂದಳು ನಂಜಕ್ಕ.

ಮಾರನೇ ದಿನ ರಾಣಿ ಬಂದಳು. ಅರಳಿಕಟ್ಟೆಯ ಮೇಲೆ ಕಂಬಳಿ ಹಾಸಿದರು. ಇಡೀ ಊರು ಸೇರಿತು. ನಂಜಕ್ಕ ಮಂಕರಿಯ ಕೆಳಗೆ ಬೂದಿಯನ್ನೂ ಮರಿಗಳನ್ನೂ ಇಟ್ಟುಕೊಂಡು ಕೂತಳು. ಪಟೇಲ ಕೈಗೆ ಬಟ್ಟೆ ಕಟ್ಟಿಕೊಂಡು ನಿಂತ. ರಾಣಿ ಮೊದಲು ಆ ಬಟ್ಟೆ ನೋಡಿದಳು, ಆಮೇಲೆ ಮಂಕರಿ ನೋಡಿದಳು, ಏನಾಗಿದೆ ಅಂತ ಅರ್ಧ ಅಲ್ಲೇ ತಿಳಿದುಕೊಂಡಳು.

ಪಟೇಲ ಮೊದಲು ಹೇಳಿದ. ಪದ್ಧತಿಯ ಪ್ರಕಾರ ತಾಯಿ ಕೋಳಿ ಕೊಟ್ಟವನದು, ಅದನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ ಅಂದ. ಬೂದಿ ಹೋಯಿತು ಅಂತ ಅವನು ಹ್ಯಾಟೆ ತಗೊಂಡದ್ದನ್ನೂ, ಬಂದರೆ ನೀನೇ ಇಟ್ಟುಕೋ ಅಂದದ್ದನ್ನೂ ಊರವರು ರಾಣಿಗೆ ಹೇಳಿದರು. ಹಾಗಾದರೆ ಅವತ್ತು ಕಟ್ಟೆಯ ಮೇಲೆ ಆಡಿದ ಮಾತೋ ಅಂತ ರಾಣಿ ಕೇಳಿದಳು. ಅದು ಸಿಟ್ಟಿನಲ್ಲಿ ಬಂದ ಮಾತು, ಮಾತು ಬೇರೆ ಪದ್ಧತಿ ಬೇರೆ ಅಂದ. ಊರ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ಧತಿ ಅವನು ಹೇಳಿದ ಹಾಗೇ ಇತ್ತು, ಅದು ಸುಳ್ಳಲ್ಲ.

ರಾಣಿ ನಂಜಕ್ಕನ ಕಡೆ ತಿರುಗಿದಳು. ನಂಜಕ್ಕ ಎದ್ದು ನಿಂತಳು.

“ಅಮ್ಮಾವ್ರೇ, ನನ್ನದು ಒಂದೇ ಮಾತು. ಹೋದದ್ದು ಸಾಕಿದೋಳ ಪಾಲು ಅಂತ ಗೌಡ್ರು ಹೇಳ್ಕೊಂಡು ಬಂದವ್ರೆ. ಅದು ದಿಟಾನಾ, ಸುಳ್ಳಾ? ಅವ್ರೇ ಹೇಳ್ಲಿ. ದಿಟ ಆದ್ರೆ ಬೂದಿ ಹೋಯ್ತು ಅಂತ ಅವ್ರೇ ಅಂದವ್ರೆ, ಬೂದಿ ನಂದು. ಸುಳ್ಳಾದ್ರೆ ಕೋಳಿ ಅವ್ರದೇ, ಈಗ್ಲೇ ಮಂಕರಿ ಎತ್ತಿ ಕೊಡ್ತೀನಿ. ಆದ್ರೆ ಹದ್ದು ಬಂದಾಗ ಉಳಿದ ಮರೀಲಿ ನನ್ನ ಅರ್ಧ ಎಲ್ಲಿ? ಬೆಕ್ಕು ಬಂದಾಗ ಉಳಿದ ಮರೀಲಿ ನನ್ನ ಅರ್ಧ ಎಲ್ಲಿ? ರೋಗ ಬಂದಾಗ ಉಳಿದ ಮರೀಲಿ ನನ್ನ ಅರ್ಧ ಎಲ್ಲಿ?”

ಕಟ್ಟೆಯ ಸುತ್ತ ಗುಜುಗುಜು ಎದ್ದಿತು. ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ನನ್ನ ಅರ್ಧವೂ ಅಲ್ಲೇ ಇದೆ ಅಂದಳು ಒಬ್ಬಳು. ನಂದೂ ಅಂದಳು ಇನ್ನೊಬ್ಬಳು. ಮೂರನೆಯವಳು ಪಟೇಲನ ಹಿತ್ತಲ ಕಡೆ ಕೈ ತೋರಿಸಿದಳು. ಆ ಹಿತ್ತಲಲ್ಲಿ ಅವರೆಲ್ಲರ ಅರ್ಧಗಳು ಬೆಳೆದು, ಕೊಬ್ಬಿ, ಕೂಗಾಡುತ್ತಿದ್ದವು.

ಪಟೇಲ ಮತ್ತೆ ಮನಸ್ಸಿನಲ್ಲೇ ತೂಕ ಹಾಕಿದ. ದಿಟ ಅಂದರೆ ಬೂದಿ ಹೋಗುತ್ತದೆ, ಸುಳ್ಳು ಅಂದರೆ ಹಿತ್ತಲೇ ಖಾಲಿಯಾಗುತ್ತದೆ. ಆ ಕಡೆ ನೋಡಿದ, ಈ ಕಡೆ ನೋಡಿದ, ರಾಣಿಯ ಕೈ ಮೇಲಿನ ಕೊಕ್ಕಿನ ಗುರುತು ನೋಡಿದ. ಕೊನೆಗೆ ನೆಲ ನೋಡಿಕೊಂಡು, ದಿಟವೇ ಅಂದ. ಬೂದಿ ಅವಳದೇ, ಮರಿಗಳೂ ಅವಳವೇ ಅಂದ.

“ಹಾಗಾದರೆ ಇನ್ನೊಂದು ಮಾತು” ಅಂದಳು ರಾಣಿ. “ಹೋದ ಕೋಳಿ ಅವಳ ಪಾಲಿನದು ಅಂತ ನೀನೇ ಹೇಳಿದೆ. ಅವಳ ಕೋಳಿ ಹೋದರೆ ಅವಳು ನಿನಗ್ಯಾಕೆ ಹ್ಯಾಟೆ ಕೊಡಬೇಕಿತ್ತು?”

ಪಟೇಲ ಕೈಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. ಅಷ್ಟರಲ್ಲಿ ನಂಜಕ್ಕನ ಮನೆಯ ಕಡೆಯಿಂದ ಕೊಕ್ಕೊಕ್ಕೋ ಅಂತ ಸಾರುವ ಸದ್ದು ಕೇಳಿಸಿತು. ಚುಕ್ಕಿ ಆವತ್ತೂ ಸೂರು ದಾಟಿ ಬಂದು ತನ್ನ ಬುಟ್ಟಿಯಲ್ಲೇ ಮೊಟ್ಟೆಯಿಟ್ಟಿತ್ತು. ಊರಿಗೆ ಊರೇ ನಕ್ಕಿತು. ಅದು ಎಲ್ಲಿದೆಯೋ ಅಲ್ಲೇ ಇರಲಿ ಅಂದಳು ರಾಣಿ. ಕಂಬಳಿ ಮಡಚಿಸಿ ಮುಂದಿನ ಊರಿಗೆ ಹೊರಟಳು. ಹೋಗುವಾಗ ಮಂಕರಿಯ ಹತ್ತಿರ ಬಗ್ಗಿ ಮರಿಗಳನ್ನು ನೋಡಿದಳು, ಆದರೆ ಕೈ ಮಾತ್ರ ಹಾಕಲಿಲ್ಲ. ಅನುಭವಸ್ಥೆ.

ಉಳಿದ ಹೆಂಗಸರ ಅರ್ಧ? ಪಟೇಲ ದಿಟ ಅಂದುಬಿಟ್ಟನಲ್ಲ, ಅವು ಅವನ ಹಿತ್ತಲಲ್ಲೇ ಉಳಿದವು ಅಂತ ನೀವು ಬೇಜಾರು ಮಾಡಿಕೊಳ್ಳಬೇಡಿ. ಆವತ್ತು ಸಂಜೆಯೇ ಹೆಂಗಸರೆಲ್ಲ ಪಾಲಿಗೆ ತಂದಿದ್ದ ಕೋಳಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಪಟೇಲನ ಅಂಗಳದಲ್ಲಿ ಬಿಟ್ಟರು. ನಿಮ್ಮ ಕೋಳಿ ನೀವೇ ಸಾಕಿಕೊಳ್ಳಿ, ನಮಗೆ ನಂಜಕ್ಕ ಬೂದಿಯ ಮರಿ ಕೊಡುತ್ತಾಳೆ ಅಂದರು. ನಂಜಕ್ಕನೂ ಕೊಟ್ಟಳು. ಮರಿ ದೊಡ್ಡವಾದ ಮೇಲೆ ಮನೆಗೊಂದರಂತೆ ಪಾಲಿಗೆ ಕೊಟ್ಟಳು, ಅರ್ಧ ಅಂದರೆ ಅರ್ಧವೇ.

ಪಟೇಲನ ಪಾಡು ಕೇಳಬೇಡಿ. ಊರಿನ ಕೋಳಿಯೆಲ್ಲ ಅವನ ಮನೆಯೊಳಗೆ. ಅಟ್ಟದ ಮೇಲೆ ಕೋಳಿ, ಒರಳಲ್ಲಿ ಕೋಳಿ, ರಾಗಿ ಗುಡಾಣದಲ್ಲಿ ಕೋಳಿ. ಕಟ್ಟೆಗೆ ಹೋಗೋಣ ಅಂತ ಪೇಟ ತೆಗೆದರೆ ಅದರೊಳಗೆ ಮೊಟ್ಟೆ. ಯಾವುದಕ್ಕೆ ಕಾವು ಬಂದಿದೆ, ಯಾವುದಕ್ಕೆ ರೋಗ ಬಂದಿದೆ, ಒಂದೂ ತಿಳಿಯದು. ದಿನಕ್ಕೊಂದು ಸಾಯತೊಡಗಿತು. ಅವನ ಹೆಂಡತಿ, ಒಂದೋ ಈ ಕೋಳಿ ಇರಲಿ, ಇಲ್ಲ ನಾನಿರುತ್ತೇನೆ ಅಂದಳು.

ಪಟೇಲ ಮೊದಲು ಆಳನ್ನು ಕಳಿಸಿದ. ನಂಜಕ್ಕ ಬರಲಿಲ್ಲ. ಆಮೇಲೆ ಹೆಂಡತಿಯನ್ನು ಕಳಿಸಿದ. ನಂಜಕ್ಕ ಅವಳನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಮೊಟ್ಟೆಯನ್ನೂ ಕೊಟ್ಟು ಕಳಿಸಿದಳು, ಆದರೆ ಹೂಂ ಅನ್ನಲಿಲ್ಲ. ಮೂರನೇ ಸಲ ಪಟೇಲನೇ ಬಂದ. ಹೊಸಿಲ ಹೊರಗೆ ನಿಂತು, ಕೋಳಿಗಳನ್ನು ಪಾಲಿಗೆ ತಗೋ, ಈ ಸಲ ಸರಿಯಾಗಿ ಅರ್ಧ ಕೊಡುತ್ತೇನೆ ಅಂದ. ಹೋದರೆ ಅಂತ ನಂಜಕ್ಕ ಕೇಳಿದಳು. ಪಟೇಲ ಕೆಮ್ಮಿದ. ಅದನ್ನು ಆಮೇಲೆ ನೋಡೋಣ ಅಂದ. ಆಮೇಲೇ ಬನ್ನಿ ಅಂದಳು ನಂಜಕ್ಕ.

ಅದೇ ಹೊತ್ತಿಗೆ ಅಂಗಳದ ಮೇಲೆ ನೆರಳು ಹಾದುಹೋಯಿತು. ಹದ್ದು. ಪಟೇಲನ ಜೊತೆಯಲ್ಲೇ ಅವನ ಒಂದು ತಾಯಿ ಕೋಳಿ ಮರಿ ಕಟ್ಟಿಕೊಂಡು ಬೀದಿಗೆ ಬಂದಿತ್ತು. ಪಟೇಲ ಪೇಟ ಬೀಸಿಕೊಂಡು ಓಡಿದ, ಎಡವಿದ, ಹೋ ಹೋ ಅಂತ ಕೂಗಿದ. ನಂಜಕ್ಕನೂ ತಗಡು ಬಡಿಯುತ್ತಾ ಅವನ ಹಿಂದೆಯೇ ಓಡಿದಳು. ಒಂದು ಮರಿಯನ್ನು ಹದ್ದು ಒಯ್ದಿತು, ಮಿಕ್ಕವೆಲ್ಲ ಉಳಿದವು.

ಪಟೇಲ ಆಕಾಶ ನೋಡುತ್ತಾ ನಿಂತ. ಹದ್ದು ದೂರ ಹೋಗಿ ಚುಕ್ಕೆಯಾಗುವವರೆಗೂ ನೋಡಿದ. ಅವನು ಏದುಸಿರು ಬಿಡುತ್ತಿದ್ದ, ಕಣ್ಣಲ್ಲಿ ನೀರೂ ಬಂದಿತ್ತು. ಒಂದು ಮರಿ ಹೋದರೆ ಹೀಗಾಗುತ್ತದೆ ಅಂತ ಅವನಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಹಳೇ ಅಭ್ಯಾಸಕ್ಕೆ ಅವನ ಬಾಯಿ ತಾನಾಗೇ ತೆರೆಯಿತು.

“ಹೋದದ್ದು...” ಅಂದ. ಅಲ್ಲಿಗೇ ನಿಂತ.

ನಂಜಕ್ಕ ತಗಡು ಕೆಳಗಿಟ್ಟು ಕಾದಳು.

“ಹೋದದ್ದು ಇಬ್ರದೂ ನಂಜಮ್ಮ. ಉಳಿದದ್ದೂ ಇಬ್ರದೂ” ಅಂದ ಪಟೇಲ.

ಅಲ್ಲಿಯವರೆಗೂ ನಂಜಿ ನಂಜಿ ಅನ್ನುತ್ತಿದ್ದವನ ಬಾಯಲ್ಲಿ ನಂಜಮ್ಮ ಬಂದಿದ್ದನ್ನು ಅವಳು ಗಮನಿಸಿದಳು. ಮಂಕರಿ ತಂದು ಉಳಿದ ಮರಿಗಳನ್ನು ಅದರ ಕೆಳಗೆ ತುಂಬತೊಡಗಿದಳು. ಪಟೇಲ ಮಂಕರಿಯ ಇನ್ನೊಂದು ಅಂಚು ಹಿಡಿದುಕೊಂಡ.

ನೀತಿ ಏನು ಅಂತ ಕೇಳುತ್ತೀರಲ್ಲ, ಹೇಳುತ್ತೇನೆ. ಲಾಭದಲ್ಲಿ ಪಾಲು ಬೇಕು ಅನ್ನುವವನು ನಷ್ಟದಲ್ಲೂ ಪಾಲು ತಗೊಳ್ಳಬೇಕು. ಇನ್ನೊಬ್ಬರಿಗೆ ಅಂತ ಸೊಟ್ಟ ನ್ಯಾಯ ಮಾಡಿದವನು ಒಂದು ದಿನ ಅದೇ ನ್ಯಾಯದ ಮುಂದೆ ತಾನೇ ನಿಲ್ಲಬೇಕಾಗುತ್ತದೆ. ಇಷ್ಟೇ.

ಬೂದಿ ಮುದಿಯಾಗಿ, ಜಂಭ ಮಾತ್ರ ಕಮ್ಮಿಯಾಗದೆ ಬಹಳ ದಿನ ಬಾಳಿತು. ಈಗಲೂ ಕಳ್ಳಿಕೊಪ್ಪಲಲ್ಲಿ ಬೂದಿ ಬಣ್ಣದ ಕೋಳಿ ಕಂಡರೆ ಅದರ ವಂಶವೇ ಅನ್ನುತ್ತಾರೆ. ಏಳಿ ಇನ್ನು, ನಿಮ್ಮ ನಿಮ್ಮ ಗೂಡು ಸೇರಿಕೊಳ್ಳಿ. ಹಲಗೆ ಹಾಕುವ ಹೊತ್ತಾಯಿತು.